ಸೈನಿಕರನ್ನು ಕಡಲಿಗೆ ಕರೆದೊಯ್ಯುವವರು ಯಾರು?

ಕಳೆದ ಫೆಬ್ರವರಿಯ ಒಂದು ಭಾನುವಾರ, ಬೆಳಕು ಹರಿಯುವ ಹೊತ್ತಿಗೆ, ನನ್ನ ಸೋದರಳಿಯ ಬಂಗಾಳ ಕೊಲ್ಲಿಗೆ ವಾಂತಿ ಮಾಡಿದ. ಹದಿನಾಲ್ಕು ವರ್ಷದಿಂದ ಸೈನ್ಯದಲ್ಲಿರುವವನು, ಹವಾಲ್ದಾರ. ವಾಹನ ದುರಸ್ತಿ ವಿಭಾಗದವನಾದ್ದರಿಂದ ಲಡಾಖಿನ ಚಳಿಯಲ್ಲಿ ಲಾರಿಯ ಅಡಿ ಮಲಗಿ ಗೇರ್‌ಬಾಕ್ಸ್ ಬಿಚ್ಚಿದ ಕೈ ಅವನದು. ಆ ಕೈ ಅವತ್ತು ಫೈಬರ್ ದೋಣಿಯ ಅಂಚನ್ನು ಬಿಡಲೊಲ್ಲದೆ ಹಿಡಿದಿತ್ತು. ದೋಣಿಯ ಯಜಮಾನ ನಗಲಿಲ್ಲ. ಲುಂಗಿಯ ಮಡಿಕೆಯಿಂದ ಅರ್ಧ ನಿಂಬೆಹಣ್ಣು ತೆಗೆದು ಅವನ ಮೂಗಿನ ಬಳಿ ಹಿಡಿದು, ‘ಬಲೆ ನೋಡಬೇಡ ತಂಬಿ, ದೂರ ನೋಡು’ ಎಂದು ತಮಿಳಿನಲ್ಲಿ ಹೇಳಿದ. ಅಳಿಯನಿಗೆ ತಮಿಳು ಬಾರದು. ನಾನು ಕನ್ನಡ ಮಾಡಿ ಹೇಳಿದೆ. ಅವನು ದೂರ ನೋಡಿದ. ಹತ್ತು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು.

ನಾನು ಹೆಬ್ರಿ ಕಡೆಯವನು. ಆಗುಂಬೆ ಘಾಟಿಯ ಕೆಳಗೆ ಹುಟ್ಟಿ, ಹದಿನೆಂಟನೇ ವಯಸ್ಸಿಗೆ ಮದರಾಸಿಗೆ ಬಂದು, ಟಿ. ನಗರದ ಪಾಂಡಿ ಬಜಾರಿನ ಹೋಟೆಲೊಂದರಲ್ಲಿ ಮೊದಲು ಲೋಟ ತೊಳೆದು, ಆಮೇಲೆ ಬಿಲ್ ಬರೆದು, ಕೊನೆಗೆ ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು. ವಾರಕ್ಕೆ ಆರು ದಿನ ಸಾಂಬಾರಿನ ಘಮದಲ್ಲಿ ಬೆಂದು ಏಳನೇ ದಿನ ಕಡಲ ದಂಡೆಗೆ ಹೋಗಿ ಮೀನು ತರುವುದು ನನ್ನ ಹಳೇ ಚಾಳಿ. ನಿವೃತ್ತನಾದ ಮೇಲೂ ಅದು ಬಿಟ್ಟಿಲ್ಲ. ಅಂಥವನು ಸೈನ್ಯ, ಕಡಲು ಎಂದು ಪತ್ರಿಕೆಗೆ ಬರೆಯಲು ಹೊರಟಿರುವುದಕ್ಕೆ ಆ ನಿಂಬೆಹಣ್ಣೇ ಕಾರಣ.

ಕರಾವಳಿ ಕಾವಲು ಪಡೆ ಹುಟ್ಟಿದ್ದು 1977ರ ಫೆಬ್ರವರಿ 1ರಂದು. ಆ ದಿನದ ಆಸುಪಾಸಿನಲ್ಲಿ ಚೆನ್ನೈನಲ್ಲಿ ಅವರು ‘ಕಡಲಿನಲ್ಲಿ ಒಂದು ದಿನ’ ಎಂದು ಕಾರ್ಯಕ್ರಮ ಮಾಡುತ್ತಾರೆ. ಗಣ್ಯರನ್ನೂ ಶಾಲೆಯ ಮಕ್ಕಳನ್ನೂ ಹಡಗು ಹತ್ತಿಸಿ ನಡುಗಡಲಿಗೆ ಕರೆದೊಯ್ದು, ಹೆಲಿಕಾಪ್ಟರಿನಿಂದ ಹಗ್ಗ ಇಳಿಸಿ ಜನರನ್ನು ಎತ್ತುವುದು ಹೇಗೆ, ಕಳ್ಳ ದೋಣಿಯನ್ನು ಸುತ್ತುವರಿಯುವುದು ಹೇಗೆ ಎಂದು ತೋರಿಸುತ್ತಾರೆ. ಒಳ್ಳೆಯ ಕೆಲಸ. ನನ್ನ ಪ್ರಶ್ನೆ ಇಷ್ಟೇ: ಅವರು ನಮ್ಮನ್ನು ಕಡಲಿಗೆ ಕರೆದೊಯ್ಯುತ್ತಾರೆ, ನಾವು ಅವರನ್ನು ಯಾವತ್ತು ಕರೆದೊಯ್ಯುತ್ತೇವೆ? ಕೆಲಸಕ್ಕಲ್ಲ, ಗಸ್ತಿಗಲ್ಲ. ನಮ್ಮ ಮನೆಗೆ ನೆಂಟರು ಬಂದಂತೆ, ಒಂದು ಬೆಳಗಿನ ಮಟ್ಟಿಗೆ, ಬಲೆ ಎಳೆಯುವುದನ್ನು ನೋಡಲಿಕ್ಕೆ, ಆಸೆಯಾದರೆ ತಾವೂ ಎಳೆಯಲಿಕ್ಕೆ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹುಚ್ಚಲ್ಲ. ಅಮೆರಿಕದ ಕರಾವಳಿ ಊರುಗಳಲ್ಲಿ ಸ್ವಂತ ದೋಣಿ ಇರುವವರು ಕೂಡಿ, ಹತ್ತಿರದ ದಂಡು ಪ್ರದೇಶಗಳ ಸೈನಿಕರನ್ನು ವರ್ಷಕ್ಕೊಂದು ದಿನ ಮೀನು ಹಿಡಿಯಲು ಕರೆದೊಯ್ಯುತ್ತಾರೆ. ಇಂಧನ ಅವರದು, ಗಾಳ ಅವರದು, ಸಂಜೆಯ ಊಟವೂ ಅವರದು. ಗಾಯಗೊಂಡು ಬಂದ ಸೈನಿಕರಿಗೆ ಗಾಳ ಹಾಕುವುದನ್ನು ಕಲಿಸಿ, ಮನಸ್ಸು ನೆಲೆಗೆ ಬರಲಿ ಎಂದು ಅಲ್ಲಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ 2005ರಲ್ಲಿ ಶುರುವಾದ ಕೆಲಸ ಇವತ್ತು ದೇಶವಿಡೀ ಹಬ್ಬಿದೆ. ಓದಿದಾಗ ಸಂತೋಷವಾಯಿತು. ಆದರೆ ಅಲ್ಲಿ ದೋಣಿ ಇರುವುದು ಮೋಜಿಗೆ. ನಮ್ಮಲ್ಲಿ ದೋಣಿ ಇರುವುದು ಹೊಟ್ಟೆಗೆ. ಈ ಒಂದು ವ್ಯತ್ಯಾಸವನ್ನು ಮರೆತು ಅಲ್ಲಿಯದನ್ನು ಇಲ್ಲಿಗೆ ತಂದರೆ ಕೆಡುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೋಣಿಯವನ ಪರಿಚಯ ನನಗಾದ ಬಗೆ ಹೇಳಬೇಕು.

ನಾನಿರುವುದು ಟಿ. ನಗರಕ್ಕೆ ಅಂಟಿಕೊಂಡ ಪಶ್ಚಿಮ ಮಾಂಬಲಂನಲ್ಲಿ, ರೈಲು ಹಳಿಯಾಚೆ. ಇಲ್ಲಿ ಲೇಕ್ ವ್ಯೂ ರೋಡ್ ಎಂಬ ರಸ್ತೆ ಇದೆ. ಕೆರೆಯೂ ಇಲ್ಲ, ನೋಟವೂ ಇಲ್ಲ, ಹೆಸರು ಮಾತ್ರ ಉಳಿದಿದೆ. ಬ್ರಿಟಿಷರು ‘ಲಾಂಗ್ ಟ್ಯಾಂಕ್’ ಎಂದು ಕರೆಯುತ್ತಿದ್ದ ಉದ್ದದ ಕೆರೆಯೊಂದು ಇಲ್ಲಿತ್ತು. ಮದ್ರಾಸ್ ಬೋಟ್ ಕ್ಲಬ್ಬಿನ ದೊರೆಗಳು ಅದರಲ್ಲಿ ದೋಣಿ ಪಂದ್ಯ ಆಡುತ್ತಿದ್ದರು. 1920ರ ದಶಕದಲ್ಲಿ ನೀರು ಬಸಿದು ಬಡಾವಣೆ ಎಬ್ಬಿಸಿದರು. 1925ರಲ್ಲಿ ತೀರಿಕೊಂಡ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರು ಬಡಾವಣೆಗೆ, ಆಗ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದ ಪಾನಗಲ್ ರಾಜರ ಹೆಸರು ನಡುವಿನ ಉದ್ಯಾನಕ್ಕೆ ಬಂತು. ಇವತ್ತು ರಂಗನಾಥನ್ ಬೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಸೀರೆ ಕೊಳ್ಳುವ ಯಾರಿಗೂ ತಾವು ಕೆರೆಯಂಗಳದಲ್ಲಿ ನಿಂತಿದ್ದೇವೆ ಎಂಬ ನೆನಪಿಲ್ಲ. ನೀರಿಗೆ ಮಾತ್ರ ಇದೆ.

2015ರ ಡಿಸೆಂಬರ್ 1ರಂದು ತಾಂಬರಂನಲ್ಲಿ ಒಂದೇ ದಿನ 49 ಸೆಂಟಿಮೀಟರ್ ಮಳೆ ಸುರಿಯಿತು. ಚೆಂಬರಂಬಾಕ್ಕಂ ಜಲಾಶಯದಿಂದ 29 ಸಾವಿರ ಕ್ಯೂಸೆಕ್ ನೀರು ಅಡಯಾರಿಗೆ ಬಿಟ್ಟರು. ಸೈದಾಪೇಟೆಯ ಸೇತುವೆ ಮುಳುಗಿತು, ವಿಮಾನ ನಿಲ್ದಾಣದ ಓಡುದಾರಿ ಕೆರೆಯಾಯಿತು. ದುರೈಸ್ವಾಮಿ ಸುರಂಗ ರಸ್ತೆಯಂತೂ ಸಾಧಾರಣ ಮಳೆಗೇ ತುಂಬುವಂಥದ್ದು. ನಮ್ಮದು ನೆಲಮಹಡಿಯ ಮನೆ. ರಾತ್ರಿ ಹನ್ನೊಂದಕ್ಕೆ ಪಾಯಿಖಾನೆಯಿಂದ ನೀರು ಮೇಲೆದ್ದು ಬಂತು. ನಡುರಾತ್ರಿಗೆ ಗ್ಯಾಸ್ ಸಿಲಿಂಡರ್ ತೇಲಿತು. ನಾವಿಬ್ಬರೂ ಮೇಲಿನ ಮನೆಯವರ ಮೆಟ್ಟಿಲ ಮೇಲೆ ಒಂದು ಹಗಲು, ಒಂದು ರಾತ್ರಿ ಕೂತೆವು. ಮನೆಯಾಕೆಗೆ ಸಕ್ಕರೆ ಕಾಯಿಲೆ. ಅವಳ ಇನ್ಸುಲಿನ್ ಫ್ರಿಜ್ಜಿನ ಜೊತೆ ನೀರಿನಡಿ ಹೋಗಿತ್ತು.

ಮೂರನೇ ದಿನ ಬೆಳಿಗ್ಗೆ ಬೀದಿಯಲ್ಲಿ ದೋಣಿ ಬಂತು. ಮೀನಿನ ವಾಸನೆಯ, ನೀಲಿ ಬಣ್ಣದ, ಕಡಲಿಗೆ ಹೋಗುವ ದೋಣಿ! ಚೆನ್ನೈನ ಕುಪ್ಪಗಳ, ಅಂದರೆ ಕಡಲ ದಂಡೆಯ ಕೇರಿಗಳ, ಮೀನುಗಾರರು ಲಾರಿಗಳ ಮೇಲೆ ದೋಣಿ ಹೇರಿಕೊಂಡು ಊರೊಳಗೆ ಬಂದಿದ್ದರು. ಹಿಂದುಗಡೆ ಲುಂಗಿ ಎತ್ತಿ ಕಟ್ಟಿದ ಮೀನುಗಾರ, ಅವನ ತಮ್ಮ. ಮುಂದುಗಡೆ ಕಿತ್ತಳೆ ಜಾಕೆಟ್ ತೊಟ್ಟ ಇಬ್ಬರು ಜವಾನರು. ಅವರಿಗೆ ಹಿಂದಿ ಬಿಟ್ಟರೆ ಬೇರೆ ಬಾರದು, ಇವರಿಗೆ ತಮಿಳು ಬಿಟ್ಟರೆ ಬೇರೆ ಬಾರದು. ಹೋಟೆಲಿನಲ್ಲಿ ಕೂತವನಿಗೆ ಎಲ್ಲ ಭಾಷೆಯೂ ಅಷ್ಟಿಷ್ಟು ಬರುತ್ತದೆ. ದೋಣಿ ಹತ್ತಿದ ಕ್ಷಣದಿಂದ ನಾನು ದುಭಾಷಿಯಾದೆ.

ಆ ಅರ್ಧ ಗಂಟೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೀನುಗಾರನ ಕೈಯಲ್ಲಿ ಬಿದಿರಿನ ಕೋಲು. ಅದರಿಂದ ನೀರಿನಡಿಯನ್ನು ಕುರುಡರಂತೆ ತಡವುತ್ತಾ ದೋಣಿ ನಡೆಸುತ್ತಿದ್ದ. ಕೋಲು ‘ಟಣ್’ ಅಂದರೆ ಕಾರಿನ ಮಾಡು. ಸದ್ದಿಲ್ಲದೆ ಕೆಳಕ್ಕೆ ಜಾರಿದರೆ ಬಾಯಿ ತೆರೆದ ಚರಂಡಿ. ಜವಾನನೊಬ್ಬ ತಲೆಯ ಮೇಲೆ ಬಂದ ವಿದ್ಯುತ್ ತಂತಿಯನ್ನು ಸರಿಸಲು ಎದ್ದು ನಿಂತ. ‘ಉಕ್ಕಾರು ತಂಬಿ, ಉಕ್ಕಾರು!’ ಎಂದು ಮೀನುಗಾರ ಗದರಿದ. ನಾನು ‘ಬೈಠ್ ಜಾಓ’ ಎನ್ನುವ ಮೊದಲೇ ಜವಾನ ಕೂತಿದ್ದ. ಗದರಿಕೆಗೆ ಭಾಷಾಂತರ ಬೇಡ. ಮುಂದೆ ತಿರುವಿನಲ್ಲಿ ದೋಣಿ ಕಾಂಪೌಂಡ್ ಗೋಡೆಯೊಂದಕ್ಕೆ ಸಿಕ್ಕಿಕೊಂಡಾಗ ಜವಾನರಿಬ್ಬರೂ ಕುತ್ತಿಗೆ ಮಟ್ಟದ ಕೊಳಕು ನೀರಿಗೆ ಇಳಿದು, ಹೆಗಲು ಕೊಟ್ಟು ನೂಕಿ ಬಿಡಿಸಿದರು. ಆಗ ಆಜ್ಞೆ ಮೀನುಗಾರನದು, ಮೈಬಲ ಸೈನಿಕರದು. ಯಾರು ದೊಡ್ಡವರು ಎಂಬ ಮಾತೇ ಬರಲಿಲ್ಲ. ಮಾಂಬಲಂ ನಿಲ್ದಾಣದ ಮೆಟ್ಟಿಲ ಬಳಿ ನಮ್ಮನ್ನು ಇಳಿಸಿ ಅವರು ಮತ್ತೆ ಹಿಂದಕ್ಕೆ ತಿರುಗಿದರು.

ನೀರು ಇಳಿದ ಮೇಲೆ ಬಡಾವಣೆಯಲ್ಲೊಂದು ಸಭೆ ನಡೆಯಿತು. ಸೈನಿಕರ ಪರವಾಗಿ ಬಂದ ಅಧಿಕಾರಿಗೆ ಶಾಲು, ಹಾರ, ಫಲಕ. ಸರಿಯೇ, ಅವರಿಗೆ ಅದು ಸಲ್ಲಬೇಕು. ಆದರೆ ಆ ಕೋಲು ಹಿಡಿದವನನ್ನು ಯಾರೂ ಕರೆದಿರಲಿಲ್ಲ. ಅವನ ಕುಪ್ಪದ ಹೆಸರನ್ನು ದೋಣಿಯಲ್ಲಿ ಕೇಳಿಟ್ಟುಕೊಂಡಿದ್ದೆ. ಜನವರಿಯಲ್ಲಿ ಹೋಟೆಲಿನ ಮೈಸೂರುಪಾಕಿನ ಪೊಟ್ಟಣ ಹಿಡಿದು ಹುಡುಕಿ ಹೋದೆ. ಸಿಕ್ಕಿದ. ದೋಣಿಯ ತಳ ಕಾಂಕ್ರೀಟಿಗೆ ಉಜ್ಜಿ ಸೀಳಿತ್ತು, ತೇಪೆ ಹಾಕುತ್ತಿದ್ದ. ಅಂದಿನಿಂದ ನನ್ನ ಭಾನುವಾರದ ಮೀನು ಅವನ ಹೆಂಡತಿಯ ಬುಟ್ಟಿಯದು. ನನ್ನ ಬಂಗುಡೆಗೆ ಅವರು ಕಾನಾಂಕೆಳುತ್ತಿ ಎನ್ನುತ್ತಾರೆ, ಅಂಜಲಿಗೆ ವಂಜಿರಂ. ಇಬ್ಬರೂ ತೋರಿಸುವುದು ಒಂದೇ ಮೀನನ್ನು.

ಮೂರು ವರ್ಷ ಕಳೆದು 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗಲೂ ಹೀಗೇ ಆಯಿತು. ನಾಲ್ಕೂವರೆ ಸಾವಿರದಷ್ಟು ಮೀನುಗಾರರು ಆರುನೂರಕ್ಕೂ ಹೆಚ್ಚು ದೋಣಿಗಳನ್ನು ಲಾರಿಯ ಮೇಲೆ ಒಳನಾಡಿಗೆ ತಂದು ಸುಮಾರು 65 ಸಾವಿರ ಜನರನ್ನು ದಡ ಸೇರಿಸಿದರು. ಸೇನೆಯ, ನೌಕಾಪಡೆಯ ದೋಣಿಗಳ ಪಕ್ಕದಲ್ಲೇ ಇವರ ದೋಣಿಗಳೂ ಓಡಾಡಿದವು. ಮುಖ್ಯಮಂತ್ರಿ ಇವರನ್ನು ರಾಜ್ಯದ ಸ್ವಂತ ಸೇನೆ ಎಂದು ಕೊಂಡಾಡಿ, ದೋಣಿಗೆ ದಿನಕ್ಕೆ 3,000 ರೂಪಾಯಿ ಮತ್ತು ಇಂಧನ ಕೊಡುವುದಾಗಿ ಹೇಳಿದರು. ನಾವು ಕಾಪಾಡಿದ್ದು ನಮ್ಮವರನ್ನು, ಅದಕ್ಕೆ ಹಣ ಯಾಕೆ ಎಂದವರೂ ಇದ್ದರು.

ಮದರಾಸಿನ ಮಟ್ಟಿಗೆ ಸೈನಿಕನೂ ದೋಣಿಯವನೂ ಹೀಗೆ ಒಂದೇ ದೋಣಿಯಲ್ಲಿ ಕೂತದ್ದು ಹೊಸದೇನೂ ಅಲ್ಲ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಇಲ್ಲಿ ಜಾಗ ಸಿಕ್ಕಿತು, ಕೋಟೆ ಎದ್ದಿತು. ಬಂದರು ಮಾತ್ರ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಬೇಕು. ದಡಕ್ಕೂ ಹಡಗಿಗೂ ನಡುವೆ ಸಾಲುಸಾಲು ಅಬ್ಬರದ ತೆರೆ. ಇಂಗ್ಲಿಷರ ಗಟ್ಟಿ ಮರದ ದೋಣಿ ಆ ತೆರೆಯ ಹೊಡೆತಕ್ಕೆ ಚೂರಾಗುತ್ತಿತ್ತು. ತಡೆದುಕೊಳ್ಳುತ್ತಿದ್ದದ್ದು ಇಲ್ಲಿನವರ ಮಸೂಲಾ ದೋಣಿ ಒಂದೇ. ಅದಕ್ಕೆ ಮೊಳೆ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ತೆರೆ ಬಡಿದಾಗ ಅದು ಬಾಗುತ್ತಿತ್ತು, ಒಡೆಯುತ್ತಿರಲಿಲ್ಲ. ಗವರ್ನರನಿರಲಿ, ದಂಡಿನ ಸಿಪಾಯಿಯಿರಲಿ, ಮದರಾಸಿನ ನೆಲ ಮುಟ್ಟಬೇಕಾದರೆ ಆ ಹುಟ್ಟುಗಾರರನ್ನು ನಂಬಲೇಬೇಕು. ಹಡಗಿನ ಕಾಗದ ಪತ್ರಗಳು ಕಟ್ಟುಮರದವನ ಟೊಪ್ಪಿಯೊಳಗೆ ನೆನೆಯದೆ ದಡ ಸೇರುತ್ತಿದ್ದವು. 1875ರಲ್ಲಿ ಬಂದರಿನ ಕೆಲಸ ಶುರುವಾಯಿತು, 1881ರ ಚಂಡಮಾರುತ ಕಟ್ಟಿದ್ದನ್ನು ಕೊಚ್ಚಿತು, ಮತ್ತೆ ಕಟ್ಟಿದರು. ಬಂದರು ಬಂದ ಮೇಲೆ ದೋಣಿಯವನ ಹಂಗು ತೀರಿತು. ಇನ್ನೂರು ವರ್ಷಕ್ಕೂ ಮೀರಿ ದಂಡನ್ನು ದಡಕ್ಕೆ ತಂದವರ ನೆನಪಿಗೆ ಈ ಊರಿನಲ್ಲಿ ಕಲ್ಲೊಂದು ಇದ್ದರೆ ನಾನು ಕಂಡಿಲ್ಲ.

ಈಗ ಇಬ್ಬರೂ ಭೇಟಿಯಾಗುವುದು ಎಲ್ಲಿ? ತಪಾಸಣೆಯಲ್ಲಿ. 2008ರ ನವೆಂಬರಿನಲ್ಲಿ ಮುಂಬಯಿಗೆ ನುಗ್ಗಿದ ಉಗ್ರರು ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿ ಬಂದರು. ಆಮೇಲೆ ಕಡಲಿಗೆ ಇಳಿಯುವ ಪ್ರತಿಯೊಬ್ಬನಿಗೂ ಗುರುತಿನ ಚೀಟಿ, ಪ್ರತಿ ದೋಣಿಗೂ ನೋಂದಣಿ, ನಡುಗಡಲಿನಲ್ಲಿ ‘ನಿಲ್ಲು’ ಎಂಬ ಕೂಗು. ಮೀನುಗಾರರೇ ದೇಶದ ಕಣ್ಣು ಕಿವಿ ಎಂದು ಅಧಿಕಾರಿಗಳು ಭಾಷಣ ಮಾಡುತ್ತಾರೆ. ಆದರೆ ಕಣ್ಣನ್ನೇ ಅನುಮಾನದಿಂದ ನೋಡಿದರೆ ಕಣ್ಣಿಗೆ ಏನನಿಸಬೇಡ?

2022ರ ಅಕ್ಟೋಬರಿನಲ್ಲಿ ಪಾಕ್ ಕೊಲ್ಲಿಯಲ್ಲಿ ನಮ್ಮದೇ ನೌಕಾಪಡೆಯ ಗುಂಡಿಗೆ ತಮಿಳುನಾಡಿನ ಮೀನುಗಾರನೊಬ್ಬ ಗಾಯಗೊಂಡ. ಎಚ್ಚರಿಕೆ ಕೊಟ್ಟರೂ ದೋಣಿ ನಿಲ್ಲಲಿಲ್ಲ ಎಂದು ನೌಕಾಪಡೆ ಹೇಳಿತು. ನಮ್ಮ ಉಡುಪಿಯವರು ಮಲ್ಪೆಯ ‘ಸುವರ್ಣ ತ್ರಿಭುಜ’ವನ್ನು ಮರೆತಿಲ್ಲ. 2018ರ ಡಿಸೆಂಬರಿನಲ್ಲಿ ಏಳು ಜನರೊಂದಿಗೆ ಹೋದ ದೋಣಿ ಹಿಂದಿರುಗಲಿಲ್ಲ. ನಾಲ್ಕೂವರೆ ತಿಂಗಳ ಮೇಲೆ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ಪತ್ತೆ ಹಚ್ಚಿದ್ದು ನೌಕಾಪಡೆಯೇ. ಆದರೆ ಅಷ್ಟರಲ್ಲಿ ಮಲ್ಪೆಯ ಬೀದಿಗಳಲ್ಲಿ ನೌಕಾಪಡೆಯ ಮೇಲೇ ಗುಮಾನಿ ಎದ್ದಿತ್ತು. ಒಬ್ಬರನ್ನೊಬ್ಬರು ಮುಖತಃ ಬಲ್ಲವರ ನಡುವೆ ಗುಮಾನಿ ಅಷ್ಟು ಬೇಗ ಬೇರು ಬಿಡುವುದಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಾನು ಕಲಿತ ಪಾಠ ಅದು. ಹೆಸರು ಗೊತ್ತಿರುವ ಗಿರಾಕಿ ಚಿಲ್ಲರೆಗೆ ಜಗಳ ಮಾಡುವುದು ಕಡಿಮೆ.

ಮತ್ತೆ ಅಳಿಯನ ದೋಣಿಗೆ ಬರೋಣ. ರಜೆಯಲ್ಲಿ ಊರಿಗೆ ಹೋಗುವ ದಾರಿಯಲ್ಲಿ ನಾಲ್ಕು ದಿನ ನಮ್ಮಲ್ಲಿ ಉಳಿದಿದ್ದ. ಶನಿವಾರ ಸಂಜೆ ದಂಡೆಗೆ ಕರೆದುಕೊಂಡು ಹೋಗಿ, ‘ಇವನು ಮಿಲಿಟ್ರಿ’ ಎಂದು ಮೀನುಗಾರನಿಗೆ ಪರಿಚಯಿಸಿದೆ. ಅವನು ಅಳಿಯನ ಹೆಗಲನ್ನೇ ಒಂದು ಕ್ಷಣ ನೋಡಿದ. ‘ಇವರವರು ಅವತ್ತು ನನ್ನ ದೋಣಿ ನೂಕಿಕೊಟ್ಟರು. ನಾಳೆ ಬೆಳಿಗ್ಗೆ ಬರಲಿ’ ಎಂದ. ಬಾಡಿಗೆಯ ಮಾತು ತೆಗೆದದ್ದಕ್ಕೆ ಅವನ ಹೆಂಡತಿ ನನ್ನನ್ನು ಬೈದಳು. ಆ ಸವಾರಿ ಕಾಯಿದೆಗೆ ಒಪ್ಪಿತವೇ ಎಂದು ಕೇಳಬೇಡಿ. ಒಪ್ಪಿತವಾಗುವಂತೆ ಮಾಡಬೇಕು ಎಂಬುದೇ ಈ ಲೇಖನ.

ವಾಂತಿಯ ಪ್ರಕರಣ ಮುಗಿದು ಬಲೆ ಎಳೆದಾದ ಮೇಲೆ ದೋಣಿಯ ಎಂಜಿನ್ ಕೆಮ್ಮತೊಡಗಿತು. ಎರಡು ಸಲ ಹೊತ್ತಿಕೊಂಡು ಆರಿತು. ಮೀನುಗಾರ ಅದಕ್ಕೊಂದು ಬೈಗುಳ ಕೊಟ್ಟು ಹಗ್ಗ ಜಗ್ಗಿದ. ಅಳಿಯ ಕೂತಲ್ಲಿಂದ ಕಿವಿ ನಿಮಿರಿಸಿದ. ಏನೂ ಕೇಳದೆ ಹಿಂದಕ್ಕೆ ಸರಿದು, ಮುಚ್ಚಳ ತೆಗೆದು, ಇಂಧನದ ಜಾಲರಿ ಬಿಚ್ಚಿ ಬೆಳಕಿಗೆ ಹಿಡಿದ. ಅದರ ತಳದಲ್ಲಿ ನೀರಿನ ಹನಿಗಳು ನಿಂತಿದ್ದವು. ಅಂಗಿಯ ತುದಿಯಿಂದ ಒರೆಸಿ, ಬಾಯಿಂದ ಊದಿ ಮತ್ತೆ ಜೋಡಿಸಿದ. ಒಂದೇ ಎಳೆತಕ್ಕೆ ಎಂಜಿನ್ ಹೊತ್ತಿತು. ಮೀನುಗಾರ ನನ್ನ ಕಡೆ ತಿರುಗಿ, ‘ಇವನನ್ನು ಇಲ್ಲೇ ಬಿಟ್ಟು ಹೋಗಿ’ ಎಂದ. ನಾನು ಕನ್ನಡ ಮಾಡಿ ಹೇಳಿದಾಗ ಅಳಿಯ ನಕ್ಕದ್ದು ಕಂಡೆ. ಮೂರು ದಿನದಿಂದ ನಮ್ಮ ಮನೆಯಲ್ಲಿ ಅವನು ಹಾಗೆ ನಕ್ಕಿರಲಿಲ್ಲ. ಬಂದವರೆಲ್ಲ ಗಡಿ ಹೇಗಿದೆ, ಎಷ್ಟು ಜನ ಸತ್ತರು, ಗುಂಡಿನ ಸದ್ದು ಕೇಳಿದ್ದೀಯಾ ಎಂದು ಕೇಳುವವರೇ. ದಡಕ್ಕೆ ಬಂದ ಮೇಲೆ ಅವನು ಹೇಳಿದ್ದು ಒಂದೇ ಮಾತು: ‘ದೋಣಿಯಲ್ಲಿ ಯಾರೂ ನನ್ನ ಹತ್ರ ಎಂತದೂ ಕೇಳ್ಲಿಲ್ಲ ಮಾವ.’

ಸೈನಿಕರಿಗೆ ನಮ್ಮಿಂದ ಸಿಗುವುದು ಏನು ಎಂದು ಆಗ ಯೋಚಿಸಿದೆ. 1949ರಿಂದ ಡಿಸೆಂಬರ್ 7 ಧ್ವಜ ದಿನ. ಶಾಲೆಯ ಮಕ್ಕಳು ಡಬ್ಬ ಹಿಡಿದು ಬರುತ್ತಾರೆ, ನಾವು ನೋಟು ಹಾಕಿ ಚಿಕ್ಕ ಧ್ವಜವನ್ನು ಅಂಗಿಗೆ ಚುಚ್ಚಿಕೊಳ್ಳುತ್ತೇವೆ. ಆ ಹಣ ಮಾಜಿ ಸೈನಿಕರಿಗೂ ಮಡಿದವರ ಮನೆಯವರಿಗೂ ಹೋಗುತ್ತದೆ, ಬೇಕಾದ್ದೇ. ಅದು ಬಿಟ್ಟರೆ ಸಿನಿಮಾ ಮಂದಿರದಲ್ಲಿ ಎದ್ದು ನಿಲ್ಲುತ್ತೇವೆ, ವಾಟ್ಸಾಪಿನಲ್ಲಿ ಸಲಾಮು ಹೊಡೆಯುತ್ತೇವೆ. ಇದೆಲ್ಲ ಸೈನಿಕನನ್ನು ಎತ್ತರದ ಪೀಠದಲ್ಲಿ ನಿಲ್ಲಿಸಿ ಕೆಳಗಿನಿಂದ ಕೈಮುಗಿದಂತೆ. ಪೀಠದ ಮೇಲೆ ನಿಂತವನಿಗೆ ಕಾಲು ಚಾಚಲು ಜಾಗ ಇರುವುದಿಲ್ಲ. ಪರಂಗಿಮಲೆಯ ತರಬೇತಿ ಅಕಾಡೆಮಿ, ಕೋಟೆಯ ದಂಡು, ಅರಕ್ಕೋಣಂನ ವಿಪತ್ತು ಪರಿಹಾರ ಪಡೆ ಎಂದು ಈ ಊರಿನ ಸುತ್ತ ಸಮವಸ್ತ್ರದವರು ತುಂಬಿದ್ದಾರೆ. ರಾಜಸ್ಥಾನದ ಮರಳಿನಿಂದ, ಗಢವಾಲದ ಗುಡ್ಡದಿಂದ ಬಂದ ಹುಡುಗರಿಗೆ ಕಡಲು ಎಂದರೆ ಮರೀನಾದ ಮರಳಿನಲ್ಲಿ ನಿಂತು ಸೆಲ್ಫಿ ತೆಗೆಯುವುದು. ಅಲ್ಲಿಂದ ಒಂದೆರಡು ಕಿಲೋಮೀಟರ್ ಆಚೆಗೆ ಹೋದರೆ ಊರು ಗೆರೆಯಾಗಿ, ಮನಸ್ಸು ಹಗುರಾಗುವ ಜಾಗ ಇದೆ. ಅದರ ದಾರಿ ಗೊತ್ತಿರುವುದು ಮೀನುಗಾರನಿಗೆ.

ಈಗ ಆ ಹೊಟ್ಟೆಯ ಮಾತು. ಮೀನುಗಾರನು ಪುಕ್ಕಟೆ ಕರೆದೊಯ್ಯಲಿ, ದೇಶಸೇವೆ ಮಾಡಲಿ ಎಂದು ಟಿ. ನಗರದಲ್ಲಿ ಕೂತು ಬರೆಯುವುದು ಸುಲಭ, ಮತ್ತು ನಾಚಿಕೆಗೇಡು. ಭಾನುವಾರದ ಬೆಳಗು ಅವನ ವಾರದ ದೊಡ್ಡ ಗಳಿಕೆ. ನಮ್ಮ ಸವಾರಿಗಾಗಿ ಅವನು ದೂರದ ಬಲೆಗೆ ಹೋಗದೆ ದಡದ ಹತ್ತಿರವೇ ಬಲೆ ಬಿಟ್ಟ. ಬುಟ್ಟಿಯ ತಳ ಮುಚ್ಚುವಷ್ಟು ನೆತ್ತಿಲಿ, ಕೆಲವು ಬಂಗುಡೆ, ಅಷ್ಟೇ ಸಿಕ್ಕಿತು. ಅವನು ಲೆಕ್ಕ ಹೇಳಲಿಲ್ಲ. ಲೆಕ್ಕದಲ್ಲೇ ಬದುಕಿದ ನನಗೆ ಹೇಳಬೇಕಾಗಿಯೂ ಇರಲಿಲ್ಲ. ಇಂಧನ, ಮಂಜುಗಡ್ಡೆ, ಇಬ್ಬರ ಕೂಲಿ, ತಪ್ಪಿಹೋದ ಮೀನು ಎಲ್ಲ ಕೂಡಿಸಿದರೆ ಉಸ್ಮಾನ್ ರಸ್ತೆಯ ಅಂಗಡಿಯಲ್ಲಿ ಒಂದು ಮದುವೆ ಸೀರೆಯ ಬೆಲೆಯನ್ನು ದಾಟುವುದಿಲ್ಲ. ಹಾಗಾದರೆ ಸ್ವಯಂಸೇವೆ ಮಾಡಬೇಕಾದವರು ಯಾರು? ಆ ಸೀರೆ ಮಾರುವವರು, ಕೊಳ್ಳುವವರು, 2015ರಲ್ಲಿ ದೋಣಿಯಲ್ಲಿ ಕೂತು ಬಂದವರು. ಅಮೆರಿಕದಲ್ಲಿ ದೋಣಿಯವನೇ ಆತಿಥೇಯ. ಇಲ್ಲಿ ಖರ್ಚಿನ ಆತಿಥೇಯ ನಾವಾಗಬೇಕು, ಕಡಲಿನ ಆತಿಥೇಯ ಮೀನುಗಾರನಾಗಬೇಕು.

ಎರಡನೆಯದು ಅಪಾಯ. ಇದನ್ನು ಸಣ್ಣದು ಮಾಡಿ ಹೇಳುವುದಿಲ್ಲ. 2011ರ ಕ್ರಿಸ್‌ಮಸ್ ದಿನ ಚೆನ್ನೈಗೆ ಉತ್ತರದ ಪಳವೇರ್ಕಾಡಿನಲ್ಲಿ ವಿಹಾರಕ್ಕೆ ಹೋದವರ ದೋಣಿ ಮಗುಚಿ 22 ಜನ ಸತ್ತರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ ಪ್ರವಾಸಿಗರನ್ನು ತುಂಬಿದ್ದರು. ಅಲ್ಲಿಯೂ 22 ಜನ. ಎರಡೂ ಕಡೆ ದೋಣಿಗೆ ಮೀರಿದ ಜನ. ಆದ್ದರಿಂದ ಉತ್ಸಾಹವೊಂದೇ ಸಾಲದು. ಮೀನುಗಾರಿಕೆ ಇಲಾಖೆ ಆ ಒಂದು ದಿನಕ್ಕೆ ಲಿಖಿತ ಅನುಮತಿ ಕೊಡಬೇಕು. ದೋಣಿಗೆ ಇಬ್ಬರೇ ಅತಿಥಿಗಳು, ಎಲ್ಲರಿಗೂ ಜಾಕೆಟ್. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ದಿನವೂ ಕೊಡುವ ಅಲೆಯ ಮುನ್ಸೂಚನೆ ನೋಡಿ, ಅದರ ಮೇಲೆ ಕುಪ್ಪದ ಹಿರಿಯರ ಮಾತು ಕೇಳಿ ಹೊರಡಬೇಕು. ಕಾವಲು ಪಡೆಯ ದೋಣಿಯೊಂದು ದೂರದಲ್ಲಿ ನಿಂತಿರಲಿ. ಕುಪ್ಪದ ಹಿರಿಯರು ‘ಇವತ್ತು ಬೇಡ’ ಎಂದರೆ ಮಂತ್ರಿ ಬಂದು ನಿಂತಿದ್ದರೂ ಬೇಡ.

ದಿನ ಯಾವುದು? ಧ್ವಜ ದಿನ ಬರುವುದು ಡಿಸೆಂಬರಿನಲ್ಲಿ. ಹಿಂಗಾರು ಮಳೆಯ ಆ ತಿಂಗಳು ಈ ಕಡಲು ಯಾರ ಮಾತೂ ಕೇಳುವುದಿಲ್ಲ. ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ರಜೆ. ನಡುವೆ ಉಳಿದ ಫೆಬ್ರವರಿ ಶಾಂತ. ಕಾವಲು ಪಡೆಯ ಹುಟ್ಟುಹಬ್ಬವೂ ಆಗಲೇ. ಫೆಬ್ರವರಿಯ ಮೊದಲ ಭಾನುವಾರ ಹತ್ತು ದೋಣಿ, ಇಪ್ಪತ್ತು ಅತಿಥಿಗಳು. ಕೈಕಾಲು ಕಳೆದುಕೊಂಡು ಮನೆಯಲ್ಲಿ ಕೂತ ಮಾಜಿ ಸೈನಿಕರಿಗೆ ಮೊದಲ ಹಕ್ಕು, ಆಮೇಲೆ ಕಡಲು ಕಾಣದ ಜವಾನರಿಗೆ, ಆಮೇಲೆ ನಡುಗಡಲಿನಲ್ಲಿ ಮೀನುಗಾರರನ್ನು ತಡೆದು ನಿಲ್ಲಿಸುವ ಕಾವಲು ಪಡೆಯ ಹುಡುಗರಿಗೆ. ಅವರು ಸಮವಸ್ತ್ರ ಬಿಚ್ಚಿಟ್ಟು, ಒಂದು ಸಲ ದೋಣಿಯೊಳಗಿನಿಂದ ದೊಡ್ಡ ಹಡಗನ್ನು ನೋಡಲಿ. ನೀರಿನ ಮಟ್ಟದಿಂದ ಅದು ಎಷ್ಟು ಎತ್ತರ ಕಾಣುತ್ತದೆ ಎಂದು ತಿಳಿಯಲಿ. ಹಿಡಿದ ಮೀನನ್ನು ಕುಪ್ಪದ ಹೆಂಗಸರು ದಂಡೆಯಲ್ಲೇ ಬೇಯಿಸಿ ಬಡಿಸಲಿ, ಅದಕ್ಕೂ ಸರಿಯಾದ ದುಡ್ಡು ಕೊಡೋಣ. ವೇದಿಕೆ ಬೇಡ, ಮೈಕು ಬೇಡ, ಶಾಲು ಮೊದಲೇ ಬೇಡ. ಬಿಸಿಲಿಗೆ ಶಾಲು ಹೊದ್ದು ಮೀನು ತಿನ್ನಲಾಗುವುದಿಲ್ಲ.

ಮಲ್ಪೆ, ಗಂಗೊಳ್ಳಿ, ಕಾರವಾರದವರೂ ಇದನ್ನು ಯೋಚಿಸಬೇಕು. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಮನೆಮಠ ಬಿಟ್ಟುಕೊಟ್ಟವರಲ್ಲಿ ಮೀನುಗಾರರೂ ಇದ್ದಾರೆ. ಬೇಲಿಯ ಆಚೆ ಇರುವವರು ಯಾರು ಎಂದು ತಿಳಿಯಲು ಅವರಿಗೂ ಒಂದು ಭಾನುವಾರ ಸಿಗಲಿ. ಅಲ್ಲಿ ಮೊದಲ ಆಹ್ವಾನ ನೌಕಾಪಡೆಯ ಕಡೆಯಿಂದ ಬಂದರೆ ಇನ್ನೂ ಚಂದ. ನೆಲ ಕೊಟ್ಟವರ ಮನೆಗೆ ನೆಲ ಪಡೆದವರು ಮೊದಲು ಹೋಗುವುದು ನಮ್ಮ ಕಡೆಯ ರೀತಿ.

ಈ ಒಂದು ದಿನದಿಂದ ತಪಾಸಣೆ ನಿಲ್ಲುವುದಿಲ್ಲ, ನಿಲ್ಲಲೂಬಾರದು. ‘ನಿಲ್ಲು’ ಎಂದು ಕೂಗುವವನಿಗೂ ಕೂಗಿಸಿಕೊಳ್ಳುವವನಿಗೂ ಪರಸ್ಪರ ಮುಖ ನೆನಪಿದ್ದರೆ ಕೂಗಿನ ಸ್ವರ ಬದಲಾಗುತ್ತದೆ. ಮುಂದಿನ ನೆರೆಗೆ ಅವರಿಬ್ಬರೂ ಮತ್ತೆ ಒಂದೇ ದೋಣಿಯಲ್ಲಿ ಕೂರಬೇಕು. ಟಿ. ನಗರದ ಕೆರೆ ಹಿಂದೆ ಬಂದೇ ಬರುತ್ತದೆ. ಆಗ ‘ಉಕ್ಕಾರು’ ಎಂದರೆ ಏನೆಂದು ಆ ಹುಡುಗನಿಗೆ ಮೊದಲೇ ಗೊತ್ತಿರಲಿ.

ಅಳಿಯ ಈಗ ಉತ್ತರದಲ್ಲೆಲ್ಲೋ ಇದ್ದಾನೆ, ಎಲ್ಲಿ ಎಂದು ಹೇಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಫೋನ್ ಬರುತ್ತದೆ. ಮೊದಲೆಲ್ಲ ಅತ್ತೆಯ ಸಕ್ಕರೆ ಎಷ್ಟಿದೆ ಎಂದು ಕೇಳಿ ಇಡುತ್ತಿದ್ದ. ಚೆನ್ನೈನ ಮೀನುಗಾರರು ಉತ್ತರದ ಗಾಳಿಗೆ ವಾಡೈ ಎನ್ನುತ್ತಾರೆ, ಅವತ್ತು ದೋಣಿಯಲ್ಲಿ ಬೆರಳು ನೆನೆಸಿ ಎತ್ತಿ ಹಿಡಿದು ಅದನ್ನು ತೋರಿಸಿಕೊಟ್ಟಿದ್ದರು. ಹೋದ ಸಲದ ಫೋನಿನಲ್ಲಿ ಅವನ ಮೊದಲ ಮಾತು: ‘ಅಲ್ಲಿ ವಾಡೈ ಬೀಸ್ಲಿಕ್ಕೆ ಶುರು ಆಯ್ತಾ ಮಾವ?’

ಬೀಸುತ್ತಿತ್ತು. ದೋಣಿಯವನಿಗೆ ಈ ಸುದ್ದಿ ಹೇಳಲೆಂದೇ ಆ ಭಾನುವಾರ ಸ್ವಲ್ಪ ಬೇಗ ಹೊರಟೆ.